ನನಗೆ ದೊಡ್ಡ ಶಾಕಪ್ ಬೇಡ

ಕಳೆದ ತಿಂಗಳು ನನ್ನ ಸೈಕಲ್ಲಿಗೆ 22,000 ರೂಪಾಯಿ ಕೊಟ್ಟು ಒಂದು ಫೋರ್ಕ್ ತಂದೆ. ಅದೂ ಸೆಕೆಂಡ್ ಹ್ಯಾಂಡ್. ಸುದ್ದಿ ತರಗತಿಯಲ್ಲಿ ಹಬ್ಬಿದ ಮೇಲೆ ಎರಡು ಕಡೆಯಿಂದಲೂ ಬೈಗುಳ ಬಿತ್ತು. "ಸೈಕಲ್ಲಿನ ಮುಂದಿನ ಎರಡು ಕಾಲಿಗೆ ಇಪ್ಪತ್ತೆರಡು ಸಾವಿರವಾ? ಅಷ್ಟು ದುಡ್ಡಿಗೆ ಹಳೆಯ ಸ್ಕೂಟರೇ ಬರುತ್ತಿತ್ತು" ಎಂದಿತು ಒಂದು ಗುಂಪು. ಇನ್ನೊಂದು ಗುಂಪಿನವರು ಭಾನುವಾರ ನನ್ನ ಜೊತೆ ಸೈಕಲ್ ತುಳಿಯುವವರು. ಅವರದು ಬೇರೆ ದೂರು: "ಇನ್ನು ಎಂಟು ಸಾವಿರ ಹಾಕಿದ್ದರೆ ಡಬಲ್ ಕ್ರೌನ್ ಸಿಗುತ್ತಿತ್ತಲ್ಲ ಮಗಾ, ಯಾಕೆ ಬಿಟ್ಟೆ?"

ಮೊದಲ ಗುಂಪಿಗೆ ಕೊನೆಯಲ್ಲಿ ಉತ್ತರ ಕೊಡುತ್ತೇನೆ. ಈ ಲೇಖನ ಹೆಚ್ಚಾಗಿ ಎರಡನೆಯ ಗುಂಪಿಗಾಗಿ. ನಮ್ಮ ಊರಿನಂಥ ಗುಡ್ಡದ ಊರಿನಲ್ಲಿ ಈಗ ಎಷ್ಟೋ ಹುಡುಗರು ಇಳಿಜಾರಿನ ಸವಾರಿಗೆಂದು ಸೈಕಲ್ ಕೊಳ್ಳುತ್ತಿದ್ದಾರೆ, ಮತ್ತು ಬಹುತೇಕರು ನೋಡುವುದು ಒಂದನ್ನೇ: ಶಾಕಪ್ ಎಷ್ಟು ದಪ್ಪ, ಎಷ್ಟು ಉದ್ದ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದುಕೊಂಡಿರುವ ಭಾಗವೇ ಫೋರ್ಕ್. ಅದರೊಳಗೆ ಸ್ಪ್ರಿಂಗ್ ಇದ್ದು ಕುಗ್ಗಿ ಏಳುವಂತಿದ್ದರೆ ಸಸ್ಪೆನ್ಷನ್ ಫೋರ್ಕ್. ಅಂಗಡಿಗಳಲ್ಲಿ ಎಲ್ಲರೂ ಅದನ್ನು ಶಾಕಪ್ ಎನ್ನುತ್ತಾರೆ. ಡೌನ್‌ಹಿಲ್ ಎಂದರೆ ಕಲ್ಲು, ಬೇರು, ತಿರುವುಗಳಿರುವ ಇಳಿಜಾರಿನ ದಾರಿಯಲ್ಲಿ ಕೆಳಗೆ ಇಳಿಯುವ ಆಟ. ಈ ಲೇಖನವನ್ನು ಮೊದಲು ನೋಡಿದ ನಮ್ಮ ಕನ್ನಡ ಮೇಡಂ, "ಫೋರ್ಕ್‌ಗೆ 'ಕವೆ' ಎನ್ನಬಹುದಲ್ಲ?" ಎಂದರು. ಮಾತು ಚೆನ್ನಾಗಿದೆ. ಆದರೆ ಸೈಕಲ್ ಅಂಗಡಿಯಲ್ಲಿ ಕವೆ ಕೊಡಿ ಎಂದರೆ ಹಕ್ಕಿ ಹೊಡೆಯಲು ಬಂದವನೆಂದು ಓಡಿಸಿಯಾರು. ಫೋರ್ಕ್ ಎಂದೇ ಬರೆಯುತ್ತೇನೆ.

ನನಗೆ ಈ ವಿಷಯ ತಲೆಗೆ ಹತ್ತಿದ್ದು ಎರಡು ವರ್ಷದ ಹಿಂದೆ, ಖಾಲಾನ ಮಗ ಬಿದ್ದಾಗ. ಅವನು 14,500 ರೂಪಾಯಿ ಕೊಟ್ಟು ಮುಂದೆ ಹಿಂದೆ ಎರಡೂ ಕಡೆ ಶಾಕಪ್ ಇರುವ ಸೈಕಲ್ ತಂದಿದ್ದ. ಕೆಂಪು ಬಣ್ಣ, ಮೋಟಾರ್ ಬೈಕಿನಂತೆ ದಪ್ಪ ಕಾಲುಗಳು. ಅದನ್ನು ನೋಡಿ ನಾನು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ, ಹೊಟ್ಟೆಕಿಚ್ಚು. ನಮ್ಮ ಮಾಮು ಕಾಫಿ ಎಸ್ಟೇಟಿನಲ್ಲಿ ರೈಟರ್. ಅಲ್ಲಿ ಮೇಲಿನ ಲೈನ್ ಮನೆಗಳಿಂದ ಕೆಳಗಿನ ಗೇಟಿನವರೆಗೆ ಒಂದು ಜೀಪ್ ರಸ್ತೆ ಇದೆ, ಅರ್ಧ ಮಣ್ಣು, ಅರ್ಧ ಸೋಲಿಂಗ್ ಕಲ್ಲು. ಕೊಯ್ಲಿನ ದಿನಗಳನ್ನು ಬಿಟ್ಟರೆ ಭಾನುವಾರ ಖಾಲಿ ಇರುತ್ತದೆ, ಓನರ್ ಅನುಮತಿಯೂ ಇದೆ. ಅಲ್ಲಿ ಮೋರಿಯ ತಿರುವಿನಲ್ಲಿ ಒಂದು ಹೊಂಡ. ಅವನ ಮುಂದಿನ ಚಕ್ರ ಅದಕ್ಕೆ ಬಿದ್ದಾಗ 'ಟಕ್' ಎಂದು ಲೋಹಕ್ಕೆ ಲೋಹ ಬಡಿದ ಸದ್ದು ಹಿಂದೆ ಬರುತ್ತಿದ್ದ ನನಗೂ ಕೇಳಿಸಿತು. ಮರುಕ್ಷಣ ಅದೇ ಶಾಕಪ್ ಚೆಂಡಿನಂತೆ ಪುಟಿದು ಹ್ಯಾಂಡಲನ್ನು ಮೇಲಕ್ಕೆ ಎಸೆಯಿತು. ಭಾಯಿ ಚರಂಡಿಯಲ್ಲಿದ್ದ. ಕತ್ತಿನ ಕೆಳಗಿನ ಮೂಳೆ ಮುರಿದಿತ್ತು. ವೇಗವೂ ಜಾಸ್ತಿ ಇತ್ತು, ಅದನ್ನು ಅವನೇ ಒಪ್ಪುತ್ತಾನೆ.

ನಮ್ಮ ಅಬ್ಬಾ ದ್ವಿಚಕ್ರ ವಾಹನದ ಮೆಕ್ಯಾನಿಕ್. ಆ ಫೋರ್ಕನ್ನು ಅಂಗಡಿಗೆ ತಂದು ಬಿಚ್ಚಿದರು. ಒಂದು ಕಾಲಿನಲ್ಲಿ ಒಂದು ಸ್ಪ್ರಿಂಗ್, ಸ್ವಲ್ಪ ಗ್ರೀಸ್. ಇನ್ನೊಂದು ಕಾಲು ಖಾಲಿ. ಪೂರ್ತಿ ಖಾಲಿ ಕೊಳವೆ. ಹೊರಗೆ ಅಂಟಿಸಿದ್ದ ಚೀಟಿಯಲ್ಲಿ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಇದು ಜಿಗಿತಕ್ಕೂ ಇಳಿಜಾರಿನ ಸವಾರಿಗೂ ಅಲ್ಲ ಎಂದು ಬರೆದಿತ್ತು. ಅಬ್ಬಾ ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ತೇಲ್ ನೈ ತೋ ಶಾಕಪ್ ನೈ, ಬೇಟಾ." ಎಣ್ಣೆ ಇಲ್ಲ ಅಂದರೆ ಶಾಕಪ್ಪೇ ಅಲ್ಲ.

ಫೋರ್ಕ್ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲ ಈ ಒಂದು ಮಾತಿನ ವಿವರಣೆ. ಸ್ಪ್ರಿಂಗ್ ಪೆಟ್ಟನ್ನು ತಿನ್ನುವುದಿಲ್ಲ, ಸಾಲ ತೆಗೆದುಕೊಳ್ಳುತ್ತದೆ. ಎಷ್ಟು ಶಕ್ತಿ ಒಳಗೆ ಹೋಯಿತೋ ಹೆಚ್ಚುಕಡಿಮೆ ಅಷ್ಟನ್ನೂ ತಕ್ಷಣ ನಿಮ್ಮ ಕೈಗೆ ವಾಪಸ್ ಕೊಡುತ್ತದೆ. ಆ ಶಕ್ತಿಯನ್ನು ನಿಜಕ್ಕೂ ಖರ್ಚು ಮಾಡುವುದು ಡ್ಯಾಂಪರ್. ಕಾಲಿನೊಳಗೆ ಎಣ್ಣೆ ಇರುತ್ತದೆ. ಫೋರ್ಕ್ ಕುಗ್ಗುವಾಗ, ಏಳುವಾಗ ಆ ಎಣ್ಣೆ ಸಣ್ಣ ತೂತುಗಳ ಮೂಲಕ ನುಗ್ಗಬೇಕು. ಆ ತಿಕ್ಕಾಟದಲ್ಲಿ ಪೆಟ್ಟು ಬಿಸಿಯಾಗಿ ಕಳೆದುಹೋಗುತ್ತದೆ. ಮೋಟಾರ್ ಬೈಕಿನ ಮುಂದಿನ ಫೋರ್ಕಿನಲ್ಲೂ ಇದೇ ಲೆಕ್ಕ, ಅದಕ್ಕೇ ಅಬ್ಬಾಗೆ ಬಿಚ್ಚಿದ ಕೂಡಲೇ ಗೊತ್ತಾಯಿತು. ಎಣ್ಣೆ ಇಲ್ಲದ ಸ್ಪ್ರಿಂಗಿಗಿಂತ ಸ್ಪ್ರಿಂಗೇ ಇಲ್ಲದ ಗಟ್ಟಿ ಫೋರ್ಕ್ ಎಷ್ಟೋ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಕೈ ನೋಯಿಸುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ.

ಈ ಆಟವನ್ನು ಶುರು ಮಾಡಿದವರ ಬಳಿ ಗಟ್ಟಿ ಫೋರ್ಕೇ ಇದ್ದದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಕೌಂಟಿ ಎಂಬ ಕಡೆ 1976ರಲ್ಲಿ ಕೆಲವು ಗೆಳೆಯರು ಗುಡ್ಡದ ಮಣ್ಣಿನ ರಸ್ತೆಯೊಂದರಲ್ಲಿ ಸಮಯ ಅಳೆದು ಓಟ ಇಟ್ಟುಕೊಂಡರು. ಆ ರಸ್ತೆಗೆ ರಿಪ್ಯಾಕ್ ಎಂದು ಹೆಸರು. ಹಳೆಯ ದಪ್ಪ ಟೈರಿನ ಸೈಕಲ್ಲುಗಳು, ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಬ್ರೇಕಿನ ಗ್ರೀಸ್ ಕಾದು ಹೊಗೆಯಾಗಿ ಹೋಗಿರುತ್ತಿತ್ತು, ಮತ್ತೆ ತುಂಬಬೇಕು, ಅದಕ್ಕೇ ರಿಪ್ಯಾಕ್. ಸುಮಾರು 3.4 ಕಿ.ಮೀ. ದಾರಿ, 400 ಮೀಟರ್ ಇಳಿತ. ಗ್ಯಾರಿ ಫಿಶರ್ ಎಂಬವರು ಅದನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ದಾಖಲೆ. ಮುಂದೆ ಒಂದು ಸ್ಪ್ರಿಂಗೂ ಇರಲಿಲ್ಲ.

ಸೈಕಲ್ಲಿಗೆ ಸರಿಯಾದ ಶಾಕಪ್ ಬಂದದ್ದು ಅದಾದ ಹದಿಮೂರು ವರ್ಷದ ಮೇಲೆ. ಮೋಟಾರ್ ಬೈಕ್ ಲೋಕದಿಂದ ಬಂದ ಪಾಲ್ ಟರ್ನರ್, ಸ್ಟೀವ್ ಸೈಮನ್ಸ್ 1989ರಲ್ಲಿ ರಾಕ್‌ಶಾಕ್ಸ್ ಕಂಪನಿ ಶುರು ಮಾಡಿದರು. ಅವರ ಮೊದಲ ಫೋರ್ಕ್ ಕುಗ್ಗುತ್ತಿದ್ದದ್ದು ಸುಮಾರು 50 ಮಿ.ಮೀ. ಮಾತ್ರ. ಆದರೆ ಒಳಗೆ ಗಾಳಿಯ ಸ್ಪ್ರಿಂಗ್ ಇತ್ತು, ಎಣ್ಣೆಯೂ ಇತ್ತು. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಪುರುಷರ ಇಳಿಜಾರಿನ ಸ್ಪರ್ಧೆ ಗೆದ್ದ ಗ್ರೆಗ್ ಹರ್ಬೋಲ್ಡ್ ಸೈಕಲ್ಲಿನಲ್ಲಿ ಇದ್ದದ್ದು ಅದೇ. ಐವತ್ತು ಮಿಲಿಮೀಟರ್! ನನ್ನ ಖಾಲಾನ ಮಗನ ಸೈಕಲ್ಲಿನ ಚೀಟಿಯಲ್ಲಿ 100 ಎಂದಿತ್ತು.

ಇನ್ನು ಡಬಲ್ ಕ್ರೌನ್ ವಿಷಯ. ಸಾಮಾನ್ಯ ಫೋರ್ಕಿನಲ್ಲಿ ಎರಡು ಕಾಲುಗಳನ್ನು ಜೋಡಿಸುವ ಸೇತುವೆ ಒಂದೇ, ಫ್ರೇಮಿನ ಕೆಳಗೆ. ಡಬಲ್ ಕ್ರೌನಿನಲ್ಲಿ ಕಾಲುಗಳು ಹ್ಯಾಂಡಲಿನವರೆಗೂ ಏರಿ, ಮೇಲೊಂದು ಕೆಳಗೊಂದು ಎರಡು ಸೇತುವೆ. ಮೋಟಾರ್ ಬೈಕಿನ ತರಹ. ರಾಕ್‌ಶಾಕ್ಸ್‌ನ ಬಾಕ್ಸರ್, ಫಾಕ್ಸ್ ಕಂಪನಿಯ 40 ಇವೆಲ್ಲ ಆ ಜಾತಿಯವು. 40 ಎಂದರೆ ಒಳಗಿನ ಹೊಳೆಯುವ ಕೊಳವೆಯ ವ್ಯಾಸ 40 ಮಿ.ಮೀ. ಕುಗ್ಗುವ ಉದ್ದ, ಅಂದರೆ ಟ್ರಾವೆಲ್, 200 ಮಿ.ಮೀ. ಆಸುಪಾಸು. ತೂಕ ಎರಡೂಮುಕ್ಕಾಲು ಕೆ.ಜಿ. ಹತ್ತಿರ. ಅತ್ಯುತ್ತಮ ಮಾದರಿಯನ್ನು ಹೊಸದಾಗಿ ಕೊಂಡರೆ ಅಮೆರಿಕದಲ್ಲೇ ಸುಮಾರು 2,000 ಡಾಲರ್, ಅಬ್ಬಾನ ಸ್ಕೂಟರಿಗಿಂತ ಜಾಸ್ತಿ. ವಿಶ್ವಕಪ್ ವಿಡಿಯೋಗಳಲ್ಲಿ ಕಾಣುವುದೆಲ್ಲ ಇವೇ. ನಮ್ಮ ಹುಡುಗರ ಕನಸಿನಲ್ಲೂ ಇವೇ.

ಬೆಂಗಳೂರಿನ ಒಬ್ಬರು ಹಳೆಯ ಡಬಲ್ ಕ್ರೌನನ್ನು 30,000ಕ್ಕೆ ಕೊಡಲು ಸಿದ್ಧರಿದ್ದರು. ಇನ್ನೊಬ್ಬರ ಬಳಿ 140 ಮಿ.ಮೀ. ಟ್ರಾವೆಲ್‌ನ, ಒಂದೇ ಕ್ರೌನಿನ, 35 ಮಿ.ಮೀ. ಕೊಳವೆಯ ಗಾಳಿ ಫೋರ್ಕ್ 22,000ಕ್ಕೆ ಇತ್ತು. ಮೂರು ವಾರ ತಲೆ ಕೆಡಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ಮೊದಲ ಎರಡು ವಾರ ನನ್ನ ಮನಸ್ಸು ಪೂರ್ತಿ ಡಬಲ್ ಕ್ರೌನ್ ಕಡೆಗೇ ಇತ್ತು. ಕೊನೆಗೆ ಕಾಮರ್ಸ್ ವಿದ್ಯಾರ್ಥಿ ಏನು ಮಾಡಬೇಕೋ ಅದನ್ನು ಮಾಡಿದೆ, ಶೇಕಡಾ ಲೆಕ್ಕ ಹಾಕಿದೆ.

ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿ ವಿಶ್ವಕಪ್ ನಡೆದಿರುವ ದಾರಿ ಸುಮಾರು 2.8 ಕಿ.ಮೀ.; ಇಳಿತ 550 ಮೀಟರ್ ಹತ್ತಿರ. ಸರಾಸರಿ ಶೇ. 20ರ ಇಳಿಜಾರು. ರಿಪ್ಯಾಕ್ ಶೇ. 12. ನಮ್ಮ ಎಸ್ಟೇಟ್ ರಸ್ತೆಯನ್ನು ಫೋನಿನಲ್ಲಿ ಅಳೆದೆ: 1.6 ಕಿ.ಮೀ., 140 ಮೀಟರ್ ಇಳಿತ. ಶೇ. 9 ಕೂಡ ಇಲ್ಲ. ಸರಾಸರಿ ಪೂರ್ತಿ ಸತ್ಯ ಹೇಳುವುದಿಲ್ಲ ಎಂದು ನಮ್ಮ ಸಂಖ್ಯಾಶಾಸ್ತ್ರದ ಸರ್ ಯಾವಾಗಲೂ ಹೇಳುತ್ತಾರೆ, ನಿಜ; ಮೋರಿಯ ಮೇಲಿನ ನಲವತ್ತು ಮೀಟರ್ ಮಾತ್ರ ಎದೆ ಝಲ್ ಎನ್ನಿಸುತ್ತದೆ. ಆದರೂ ಗಟ್ಟಿ ಫೋರ್ಕಿನಲ್ಲಿ ಶೇ. 12 ಇಳಿದವರಿದ್ದಾರೆ, ಶೇ. 9 ಇಳಿಯಲು ನನಗೆ 200 ಮಿ.ಮೀ. ಯಾಕೆ? ಇನ್ನೊಂದು ವಿಷಯವನ್ನು ವಿಡಿಯೋ ನೋಡುವವರು ಗಮನಿಸುವುದೇ ಇಲ್ಲ. ಫೋರ್ಟ್ ವಿಲಿಯಂನಲ್ಲಿ ಸವಾರರನ್ನೂ ಸೈಕಲ್ಲುಗಳನ್ನೂ ಮೇಲಕ್ಕೆ ಒಯ್ಯಲು ಗೊಂಡೋಲಾ ಇದೆ. ಎಸ್ಟೇಟಿನಲ್ಲಿ ಗೊಂಡೋಲಾ ನಾನೇ. ಪ್ರತಿ ಸಲವೂ ತುಳಿದುಕೊಂಡೋ ತಳ್ಳಿಕೊಂಡೋ ಮೇಲೆ ಹೋಗಬೇಕು. ಎರಡೂಮುಕ್ಕಾಲು ಕೆ.ಜಿ.ಯ ಶಾಕಪ್ಪನ್ನು ಹತ್ತಿಸಿದವನಿಗೇ ಗೊತ್ತು ಅದರ ಚಂದ.

ಅದಕ್ಕಿಂತ ದೊಡ್ಡ ಕಾರಣ ಫ್ರೇಮ್. ನನ್ನದು ಹಾರ್ಡ್‌ಟೇಲ್, ಹಿಂದೆ ಶಾಕಪ್ ಇಲ್ಲ. ಅದನ್ನು ಮಾಡಿದ ಕಂಪನಿ 140 ಮಿ.ಮೀ. ಮೀರಬೇಡಿ ಎಂದಿದೆ. 200ರ ಫೋರ್ಕ್ ಹಾಕಿದರೆ ಮುಂಭಾಗ ಸುಮಾರು 60 ಮಿ.ಮೀ. ಎತ್ತರವಾಗುತ್ತದೆ. ಸಾಮಾನ್ಯ ಲೆಕ್ಕದಲ್ಲಿ 20 ಮಿ.ಮೀ.ಗೆ ಹ್ಯಾಂಡಲಿನ ಕೋನ ಒಂದು ಡಿಗ್ರಿ ಹಿಂದಕ್ಕೆ ಬಾಗುತ್ತದೆ. ಅಲ್ಲಿಗೆ ಮೂರು ಡಿಗ್ರಿ. ಸೈಕಲ್ ತಿರುವಿನಲ್ಲಿ ಮಾತು ಕೇಳುವುದಿಲ್ಲ, ತಳ್ಳಿಕೊಂಡು ಹೋಗುತ್ತದೆ. ಉದ್ದ ಸನ್ನೆಗೋಲಿನಿಂದ ಮೀಟಿದರೆ ಏನಾಗುತ್ತದೋ ಫ್ರೇಮಿನ ಮುಂದಿನ ಕೊರಳಿಗೆ, ಅಂದರೆ ಹೆಡ್ ಟ್ಯೂಬಿಗೆ, ಪ್ರತಿ ಪೆಟ್ಟಿಗೂ ಅದೇ ಆಗುತ್ತದೆ. ಫೋರ್ಕ್ ಮುರಿಯದಿರಬಹುದು, ಫ್ರೇಮ್ ಮುರಿಯುತ್ತದೆ. ಡಬಲ್ ಕ್ರೌನ್ ಡೌನ್‌ಹಿಲ್ ಫ್ರೇಮಿಗೆಂದೇ ಹುಟ್ಟಿದ ವಸ್ತು, ಆ ಜಾಗದಲ್ಲಿ ಅದಕ್ಕೆ ಸಾಟಿ ಇಲ್ಲ. ನಮ್ಮ ಹಾರ್ಡ್‌ಟೇಲಿಗೆ ಹಾಕುವುದು ಆಟೋಗೆ ಲಾರಿಯ ಚಕ್ರ ಹಾಕಿದಂತೆ.

ತೂಕದ ಮಾತೂ ಇದೆ. ನಾನು 54 ಕೆ.ಜಿ. ಆ ಡಬಲ್ ಕ್ರೌನಿನೊಳಗೆ ಇದ್ದದ್ದು ಉಕ್ಕಿನ ಸುರುಳಿ ಸ್ಪ್ರಿಂಗ್, ಮಾರುವವರು 85 ಕೆ.ಜಿ.; ಅವರ ತೂಕಕ್ಕೆ ತಕ್ಕದ್ದು. ನಾನು ಕುಳಿತರೆ ಅದು ಅಲುಗಾಡುವುದೂ ಕಷ್ಟ. 200 ಮಿ.ಮೀ.ಗೆ ದುಡ್ಡು ಕೊಟ್ಟು 110 ಬಳಸಿದ ಹಾಗಾಗುತ್ತಿತ್ತು. ಉಕ್ಕಿನ ಸ್ಪ್ರಿಂಗ್ ಮೃದುವಾಗಿ ಕೆಲಸ ಮಾಡುತ್ತದೆ, ಜಾಸ್ತಿ ಕಾಡಿಸುವುದಿಲ್ಲ, ಒಪ್ಪುತ್ತೇನೆ. ಆದರೆ ತೂಕ ಬದಲಾದರೆ ಸ್ಪ್ರಿಂಗೇ ಬದಲಾಗಬೇಕು, ಹಳೆಯ ಮಾದರಿಗೆ ಅದನ್ನು ಎಲ್ಲಿಂದ ತರುವುದು? ಗಾಳಿ ಫೋರ್ಕಿನಲ್ಲಿ ಗಾಳಿ ಇಳಿಸಿದರೆ ಮುಗಿಯಿತು. ಇದಕ್ಕೆ ಬೇರೆಯೇ ಸಣ್ಣ ಪಂಪ್ ಬೇಕು. ಪೆಟ್ರೋಲ್ ಬಂಕಿನ ಗಾಳಿ ಹಾಕಬಾರದು. ನಾವು ಸುಮ್ಮನೆ ಸೈಕಲ್ ಮೇಲೆ ನಿಂತಾಗ ಫೋರ್ಕ್ ತನ್ನ ಟ್ರಾವೆಲ್‌ನ ಐದನೇ ಒಂದು ಭಾಗದಷ್ಟು ಕುಗ್ಗಿರಬೇಕು. ಇದನ್ನು ಸ್ಯಾಗ್ ಎನ್ನುತ್ತಾರೆ. 140ಕ್ಕೆ 28 ಮಿ.ಮೀ. ಕೊಳವೆಯ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ, ಅದು ಎಲ್ಲಿ ನಿಂತಿತೆಂದು ಸ್ಕೇಲಿನಲ್ಲಿ ಅಳೆದರಾಯಿತು. ನಾನು ಜ್ಯಾಮಿಟ್ರಿ ಬಾಕ್ಸಿನ ಸ್ಕೇಲನ್ನೇ ಬಳಸಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದಯವಿಟ್ಟು ಫೋಟೋ ನೋಡಿ ಮುಂಗಡ ಕಳಿಸಬೇಡಿ. ಫೋರ್ಕಿನಿಂದ ಮೇಲೆ ಫ್ರೇಮಿನೊಳಗೆ ಹೋಗುವ ಕೊಳವೆ ಕೆಲವದರಲ್ಲಿ ಒಂದೇ ದಪ್ಪ, ಕೆಲವದರಲ್ಲಿ ಬುಡ ಅಗಲ. ನಿಮ್ಮ ಫ್ರೇಮಿಗೆ ಯಾವುದು ಎಂದು ತಿಳಿದಿರಬೇಕು. ಹಿಂದಿನ ಮಾಲೀಕ ಅದನ್ನು ತನ್ನ ಫ್ರೇಮಿನ ಅಳತೆಗೆ ಕತ್ತರಿಸಿರುತ್ತಾನೆ. ನಿಮಗೆ ಒಂದು ಸೆಂಟಿಮೀಟರ್ ಗಿಡ್ಡ ಬಿದ್ದರೂ ಕೊಂಡದ್ದು ವ್ಯರ್ಥ, ಬೆಸುಗೆ ಹಾಕಿ ಉದ್ದ ಮಾಡುವ ವಸ್ತು ಅದಲ್ಲ. ಚಕ್ರದ ಅಳತೆ ಮತ್ತು ಆಕ್ಸಲ್ ಅಳತೆ ಕೇಳಿ. 15 ಮಿ.ಮೀ. ಆಕ್ಸಲಿನ ಹಬ್ 20ರ ಫೋರ್ಕಿಗೆ ಸುಮ್ಮನೆ ಕೂರುವುದಿಲ್ಲ. ಹಾಗೆ ತಂದವನೊಬ್ಬ ಆಮೇಲೆ ಹೊಸ ಚಕ್ರಕ್ಕೂ ದುಡ್ಡು ಸುರಿದ. ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆದು ನೋಡಿ, ಉಗುರಿಗೆ ಸಿಕ್ಕುವ ಗೀರು ಇದ್ದರೆ ಸೀಲ್ ಹರಿದು ಎಣ್ಣೆ ಸೋರುತ್ತದೆ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲುಗಿಸಿ, ಒಳಗೆ ಲಟಲಟ ಎಂದರೆ ಬುಷ್ ಸವೆದಿದೆ. ಕೊನೆಗೆ ಬಲವಾಗಿ ಒತ್ತಿ ಬಿಡಿ. ಕೆಳಗಿನ ಕೆಂಪು ತಿರುಪನ್ನು ಎರಡೂ ತುದಿಗೆ ತಿರುಗಿಸಿದಾಗ ಅದು ಏಳುವ ವೇಗ ಬದಲಾಗಬೇಕು. ಬದಲಾಗದಿದ್ದರೆ ಡ್ಯಾಂಪರ್ ಸತ್ತಿದೆ ಎಂದರ್ಥ, ಹೊರಗೆ ಎಷ್ಟು ಹೊಳೆದರೂ ಮನೆಗೆ ತರಬೇಡಿ.

ಅಮ್ಮಿ ಈ ಎಲ್ಲ ಲೆಕ್ಕ ಕೇಳಲಿಲ್ಲ. ಖಾಲಾನ ಮನೆಯಲ್ಲಿ ಭಾಯಿ ಆರು ವಾರ ಕೈ ಕಟ್ಟಿಕೊಂಡು ಕುಳಿತದ್ದನ್ನು ಅವರು ನೋಡಿದ್ದಾರೆ. "ಮೊದಲು ತಲೆಗೆ, ಆಮೇಲೆ ಸೈಕಲ್ಲಿಗೆ" ಎಂದರು. ಅದಕ್ಕೆ ಮುಖ ಮುಚ್ಚುವ ಹೆಲ್ಮೆಟ್, ಮೊಣಕಾಲಿನ ಪ್ಯಾಡ್ ಮೊದಲು ಬಂದವು, ನಂತರ ಬ್ರೇಕಿನ ಹೊಸ ಪ್ಯಾಡು, ಒಳ್ಳೆಯ ಟೈರು. ಫೋರ್ಕಿನ ಸರದಿ ಎಂಟು ತಿಂಗಳಾದ ಮೇಲೆ. ಆಗ ಸಿಟ್ಟು ಬಂದಿತ್ತು. ಈಗ ಹೇಳುತ್ತೇನೆ, ಅಮ್ಮಿಯ ಕ್ರಮವೇ ಸರಿ. ಟೈರು ಮತ್ತು ಬ್ರೇಕಿಗೆ ಹಾಕಿದ ಆರು ಸಾವಿರ ಮೋರಿಯ ತಿರುವಿನಲ್ಲಿ ನನಗೆ ಕೊಟ್ಟ ಧೈರ್ಯವನ್ನು ಈ 22,000ದ ಫೋರ್ಕ್ ಕೊಟ್ಟಿಲ್ಲ.

ಈಗ ಮೊದಲ ಗುಂಪಿಗೆ ಉತ್ತರ. ಹೌದು, 22,000 ದೊಡ್ಡ ಮೊತ್ತ. ಅದರಲ್ಲಿ 15,000 ಎರಡು ವರ್ಷದ ಈದಿ ಮತ್ತು ರಜೆಯಲ್ಲಿ ಅಂಗಡಿಯಲ್ಲಿ ದುಡಿದದ್ದು. ಉಳಿದದ್ದು ಅಬ್ಬಾ ಕೊಟ್ಟ ಸಾಲ. ಬಡ್ಡಿ ಇಲ್ಲ, ಆದರೆ ಮಾರ್ಚ್ ಪರೀಕ್ಷೆಯ ತಿಂಗಳು ಬಿಟ್ಟು ಪ್ರತಿ ದಿನ ಸಂಜೆ ಒಂದು ಗಂಟೆ ಅಂಗಡಿಯಲ್ಲಿರಬೇಕು. ಆದರೆ 14,500ರ ಆ ಕೆಂಪು ಸೈಕಲ್ಲಿನ ಲೆಕ್ಕವನ್ನೂ ನೋಡಿ. ಅದರ ಶಾಕಪ್ಪಿಗೆ ಬಿಡಿಭಾಗ ಸಿಗುವುದಿಲ್ಲ, ಬಿಚ್ಚಿ ಸರಿ ಮಾಡುವಂತೆಯೂ ಇಲ್ಲ. ಒಂದೇ ವರ್ಷದಲ್ಲಿ ಅದರ ಬೆಲೆ ಗುಜರಿಯ ಬೆಲೆ. ಲೆಕ್ಕಶಾಸ್ತ್ರದಲ್ಲಿ ನಾವು ಓದುವ ಸವಕಳಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆಸ್ಪತ್ರೆಯ ಬಿಲ್ಲನ್ನು ನಾನು ಸೇರಿಸಿಲ್ಲ. ನನ್ನ ಫೋರ್ಕನ್ನು ನಾಳೆ ಮಾರಿದರೂ ಕೊಂಡ ಬೆಲೆಯ ಹತ್ತಿರ ಬರುತ್ತದೆ, ಶರತ್ತು ಒಂದೇ, ಅದನ್ನು ಚೆನ್ನಾಗಿ ನೋಡಿಕೊಳ್ಳಬೇಕು.

ನೋಡಿಕೊಳ್ಳುವುದಕ್ಕೂ ಖರ್ಚಿದೆ, ಅದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ. ರಾಕ್‌ಶಾಕ್ಸ್ ಕಂಪನಿ 50 ಗಂಟೆ ಸವಾರಿಗೆ ಒಮ್ಮೆ ಕೆಳಗಿನ ಕಾಲುಗಳನ್ನು ಬಿಚ್ಚಿ ಶುಚಿ ಮಾಡಿ ಎಣ್ಣೆ ಬದಲಿಸಿ ಎನ್ನುತ್ತದೆ. ನಮ್ಮ ಮಲೆನಾಡಿನ ಮಳೆಗಾಲದ ಕೆಸರಿಗೆ ಅಷ್ಟೂ ಕಾಯಬಾರದು ಎಂದು ನನಗನ್ನಿಸುತ್ತದೆ. ಸೀಲ್ ಕಿಟ್ ಬೆಂಗಳೂರಿನಿಂದ ತರಿಸಬೇಕು. ಹೀಗಾಗಿ ಫೋರ್ಕ್ ಆರಿಸುವಾಗ ನಾನು ಕೊನೆಗೆ ಕೇಳಿಕೊಂಡ ಪ್ರಶ್ನೆ ಇದು: ಇದರ ಸೀಲ್ ಸಿಗುತ್ತದೆಯೇ, ಬಿಚ್ಚಿದರೆ ಅಬ್ಬಾನ ಅಂಗಡಿಯ ಬೆಂಚಿನ ಮೇಲೆ ಮತ್ತೆ ಜೋಡಿಸಲು ನಮಗೆ ಬರುತ್ತದೆಯೇ? 22,000ದ ಫೋರ್ಕಿಗೆ ಉತ್ತರ ಹೌದು. 30,000ದ ಹಳೆಯ ಡಬಲ್ ಕ್ರೌನಿನ ಸೀಲಿಗಾಗಿ ಮೂರು ಕಡೆ ವಿಚಾರಿಸಿದೆ, ಮೂರು ಕಡೆಯೂ ಇಲ್ಲ ಎಂದರು.

ಹೋದ ಭಾನುವಾರ ಮೊದಲ ಸರ್ವಿಸ್ ಮಾಡಿದೆವು. ಅಬ್ಬಾ ಬೋಲ್ಟ್ ಬಿಚ್ಚಿದರು, ಬಾಂಡ್ಲಿ ಹಿಡಿದದ್ದು ನಾನು. ಕಪ್ಪು ಎಣ್ಣೆ ಇಳಿಯಿತು. ಅಬ್ಬಾ ಬೆರಳಲ್ಲಿ ಉಜ್ಜಿ ನೋಡಿ ಏನೂ ಹೇಳಲಿಲ್ಲ, ಹೊಸ ಎಣ್ಣೆ ಅಳೆದು ಹಾಕಿದರು. ಭಾಯಿಯ ಹಳೆಯ ಫೋರ್ಕ್ ಇನ್ನೂ ಅಂಗಡಿಯ ಮೂಲೆಯಲ್ಲೇ ಬಿದ್ದಿದೆ. ಹೊಸ ಸೈಕಲ್ ಕೊಳ್ಳಬೇಕೆಂದಿರುವವರು ಆ ಖಾಲಿ ಕಾಲನ್ನು ಒಮ್ಮೆ ಬಂದು ನೋಡಿ. ಶುಕ್ರವಾರ ಮಧ್ಯಾಹ್ನ ಮಾತ್ರ ಅಂಗಡಿ ಮುಚ್ಚಿರುತ್ತದೆ.